ತಲೆಬರಹದಲ್ಲೇ ‘ಇಲಿ’ ಅಂತ ಹಾಕಿ

ಮಾನ್ಯ ಸಂಪಾದಕರೇ,

‘ಸಕ್ಕರೆ ಕಾಯಿಲೆಗೆ ಸೊಪ್ಪಿನ ಮದ್ದು’, ‘ಶುಗರ್‌ಗೆ ಇನ್ನು ವಿದಾಯ’. ಇಂಥ ತಲೆಬರಹಗಳು ನಮ್ಮ ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತಲೇ ಇರುತ್ತವೆ. ಪ್ರಯೋಗ ನಡೆದದ್ದು ಇಲಿಗಳ ಮೇಲೆ ಅನ್ನುವುದು ಗೊತ್ತಾಗುವುದು ಆರನೇ ಏಳನೇ ಸಾಲಿನಲ್ಲಿ. ಅಲ್ಲಿವರೆಗೆ ಓದುವವರು ಎಷ್ಟು ಜನ ಹೇಳಿ? ತಲೆಬರಹದ ಫೋಟೊ ಹೊಡೆದು ವಾಟ್ಸಾಪ್‌ಗೆ ಹಾಕುವವರೇ ಜಾಸ್ತಿ. ಅದನ್ನು ನೋಡಿ ಮಾತ್ರೆ ಬಿಟ್ಟು ಇನ್ಸುಲಿನ್ ಗಿಡದ ಎಲೆ ಅಗಿಯಲು ಶುರು ಮಾಡುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ನನ್ನ ಕೋರಿಕೆ ಇಷ್ಟೇ. ‘ಇಲಿ’ ಅನ್ನುವ ಪದ ತಲೆಬರಹದಲ್ಲೇ ಇರಲಿ, ಅದು ಎಂಥ ಇಲಿ ಅಂತ ಸುದ್ದಿಯೊಳಗೆ ಒಂದು ಸಾಲು ಇರಲಿ.

ಎಂಥ ಇಲಿ ಅಂದರೇನು? ನಾನು ಫಾರ್ಮಸಿ ಕಾಲೇಜೊಂದರ ಅನಿಮಲ್ ಹೌಸ್‌ನಲ್ಲಿ ಕೆಲಸ ಮಾಡಿದವನು, ಅಲ್ಲಿಂದಲೇ ಹೇಳುತ್ತೇನೆ. ಸೊಪ್ಪು, ಬೇರು, ಬೀಜದ ಇಂಥ ಪ್ರಯೋಗಗಳಿಗೆ ಹೆಚ್ಚಾಗಿ ಬಳಸುವುದು ಸ್ಟ್ರೆಪ್ಟೊಜೊಟೊಸಿನ್ ಕೊಟ್ಟ ಬಿಳಿ ಇಲಿಗಳನ್ನು. ಇದು ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಸಿಕ್ಕ ರಾಸಾಯನಿಕ. ಸಿಟ್ರೇಟ್ ಬಫರ್ ಅನ್ನುವ ತಣ್ಣಗಿನ ಹುಳಿ ದ್ರಾವಣದಲ್ಲಿ ಕರಗಿಸಿ, ಕೆಡುವುದರೊಳಗೆ ಸರಸರನೆ ಚುಚ್ಚಬೇಕು. ನೋಡಲು ಸಕ್ಕರೆಯ ಹಾಗೇ ಇರುವುದರಿಂದ ಸಕ್ಕರೆ ಹೋಗುವ ದಾರಿಯಲ್ಲೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳೊಳಗೆ ನುಗ್ಗಿ ಅವನ್ನು ಕೊಲ್ಲುತ್ತದೆ. ಸಾಯುವ ಕೋಶಗಳು ತಮ್ಮಲ್ಲಿದ್ದ ಇನ್ಸುಲಿನ್ನನ್ನೆಲ್ಲ ಒಮ್ಮೆಗೇ ಸುರಿದುಬಿಡುತ್ತವೆ. ಅದಕ್ಕೇ ಮೊದಲ ರಾತ್ರಿ ಕುಡಿಯಲು ಗ್ಲೂಕೋಸ್ ನೀರು ಇಡಬೇಕು. ಇಡದಿದ್ದರೆ ಬೆಳಗಾಗುವಷ್ಟರಲ್ಲಿ ಶುಗರ್ ಇಳಿದೇ ಕೆಲವು ಸತ್ತಿರುತ್ತವೆ! ಎರಡು ಮೂರು ದಿನ ಕಳೆದ ಮೇಲೆ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು, ನಿಮ್ಮ ಮನೆಯಲ್ಲಿರುವಂಥದೇ ಗ್ಲೂಕೋಮೀಟರ್‌ಗೆ ಹಾಕಿದರೆ 250 ದಾಟಿರುತ್ತದೆ. ನೀರು ಕುಡಿದಿದ್ದೇ ಕುಡಿದಿದ್ದು, ಉಚ್ಚೆ ಹೊಯ್ದಿದ್ದೇ ಹೊಯ್ದಿದ್ದು. ಪಂಜರದ ಭತ್ತದ ಹೊಟ್ಟು ದಿನಾ ಬದಲಿಸದಿದ್ದರೆ ವಾಸನೆಗೆ ನಿಲ್ಲಲಿಕ್ಕಾಗುವುದಿಲ್ಲ.

ಈಗ ಹೇಳಿ, ನಿಮ್ಮ ಮನೆಯ ಹಿರಿಯರಿಗೆ ಶುಗರ್ ಬಂದದ್ದು ಹೀಗಾ? ಅವರದು ಹತ್ತಾರು ವರ್ಷಗಳಲ್ಲಿ ನಿಧಾನವಾಗಿ ಬಂದದ್ದು. ಹೊಟ್ಟೆಯ ಬೊಜ್ಜು, ಮನೆತನ, ಊಟ, ನಿದ್ದೆ ಎಲ್ಲ ಸೇರಿ ಆದದ್ದು. ಇಲಿಯದು ಒಂದು ಸೂಜಿಯಿಂದ ಆದದ್ದು. ಮೇಲಾಗಿ ಇಲಿಯ ಬೀಟಾ ಕೋಶ ಈ ರಾಸಾಯನಿಕಕ್ಕೆ ಬೇಗ ಬಗ್ಗುತ್ತದೆ, ಮನುಷ್ಯನದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಸೊಪ್ಪಿನ ರಸವನ್ನು ಸೂಜಿ ಚುಚ್ಚುವುದಕ್ಕೆ ಮೊದಲೇ ಕೊಡುತ್ತಾ ಬಂದಿದ್ದರೆ ಅದು ಆ ವಿಷವನ್ನು ತಡೆದಿರಬಹುದು ಅಷ್ಟೇ, ರೋಗ ವಾಸಿ ಮಾಡಿತು ಅಂತ ಆಗುವುದಿಲ್ಲ. ಆ ರಾಸಾಯನಿಕದ ಡೋಸ್ ಕಡಿಮೆ ಬಿದ್ದ ಇಲಿಗಳಲ್ಲಂತೂ ಏನೂ ಕೊಡದಿದ್ದರೂ ಶುಗರ್ ತಾನಾಗಿಯೇ ಇಳಿಯುವುದುಂಟು.

ಪ್ರಾಣಿ ಪ್ರಯೋಗವೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡದಿದ್ದರೆ ಮರುವರ್ಷದ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ ಹದಿನಾಲ್ಕರ ಹುಡುಗನಿಗೆ ಇನ್ಸುಲಿನ್ ಸಿಗುತ್ತಿರಲಿಲ್ಲ. ಆದರೆ ಅದೇ ಪ್ರಾಣಿಗಳು ದಾರಿ ತಪ್ಪಿಸಿದ್ದೂ ಇದೆ. ಎನ್‌ಒಡಿ ಅಂತ ಒಂದು ತಳಿಯ ಪುಟ್ಟ ಇಲಿ ಇದೆ, ಜಪಾನಿನದು, ಯಾವ ಸೂಜಿಯೂ ಇಲ್ಲದೆ ತಾನಾಗಿಯೇ ಟೈಪ್ 1 ಸಕ್ಕರೆ ಕಾಯಿಲೆಗೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಲ್ಲುವ ಬಗೆಗೆ, ಬೀಳುತ್ತದೆ. ನಿಕೊಟಿನಮೈಡ್, ಅಂದರೆ ಬಿ3 ವಿಟಮಿನ್‌ನ ಒಂದು ರೂಪ, ಅದರಲ್ಲಿ ರೋಗವನ್ನು ತಡೆಯಿತು. ಅದನ್ನೇ ನಂಬಿ ಟೈಪ್ 1 ರೋಗಿಗಳ ಮನೆಯವರಲ್ಲಿ ಅಪಾಯ ಹೆಚ್ಚಿದ್ದ ಐನೂರಕ್ಕೂ ಜಾಸ್ತಿ ಜನರಿಗೆ, ಮುಖ್ಯವಾಗಿ ಯುರೋಪಿನಲ್ಲಿ, ವರ್ಷಗಟ್ಟಲೆ ಪರೀಕ್ಷೆ ನಡೆಸಿದರು. 2004ರಲ್ಲಿ ಫಲಿತಾಂಶ ಬಂತು. ಮದ್ದಿಲ್ಲದ ಹುಸಿ ಮಾತ್ರೆ ತಿಂದವರಿಗೂ ನಿಜವಾದ ಮಾತ್ರೆ ತಿಂದವರಿಗೂ ಏನೂ ವ್ಯತ್ಯಾಸವಿರಲಿಲ್ಲ. ಇನ್ನೊಂದು ಮದ್ದು ಇದೇ ತಳಿಯ ಇಲಿಗಳಲ್ಲಿ 1994ರಲ್ಲಿ ಗೆದ್ದಿತು. ಅದೇ ದಾರಿಯಲ್ಲಿ ಬಂದ ಟೆಪ್ಲಿಜುಮ್ಯಾಬ್ ಅನ್ನುವ ಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ಅದೂ ಟೈಪ್ 1 ಬರುವುದನ್ನು ಎರಡು ಮೂರು ವರ್ಷ ಮುಂದೂಡಲಿಕ್ಕೆ ಮಾತ್ರ. ನಡುವೆ ಇಪ್ಪತ್ತೆಂಟು ವರ್ಷ!

ಬೇಜಾರೇನೆಂದರೆ, ನಿಜವಾಗಿ ನಮಗೆ ತಟ್ಟುವ ಇಲಿ ಸುದ್ದಿಗೆ ಮೂಲೆಯಲ್ಲೂ ಜಾಗ ಸಿಗುವುದು ಕಷ್ಟ. ಪುಣೆ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳ ತಂಡವೊಂದು ಇಲಿಗಳನ್ನು ಐವತ್ತು ತಲೆಮಾರು ಅರೆಹೊಟ್ಟೆಯಲ್ಲಿ ಸಾಕಿ ನೋಡಿ, 2015ರಲ್ಲಿ ಅದನ್ನು ಪ್ರಕಟಿಸಿತು. ಮರಿಗಳು ಕಡಿಮೆ ತೂಕದಲ್ಲಿ ಹುಟ್ಟಿದವು, ಆದರೆ ಒಳಗೆ ಬೊಜ್ಜು ಜಾಸ್ತಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದು. ಆಮೇಲೆ ಎರಡು ತಲೆಮಾರು ಹೊಟ್ಟೆ ತುಂಬ ಕೊಟ್ಟರೂ ಅದು ಸರಿಹೋಗಲಿಲ್ಲ. ತೆಳ್ಳಗಿದ್ದೂ ನಲವತ್ತಕ್ಕೇ ಶುಗರ್ ಬರಿಸಿಕೊಳ್ಳುವ ನಮ್ಮ ಜನ ಕುತೂಹಲದಿಂದ ಓದಬೇಕಾದ ವಿಷಯ ಅಲ್ವಾ ಇದು? ಇದರಲ್ಲಿ ಮಾರುವಂಥ ಕಷಾಯ ಯಾವುದೂ ಇಲ್ಲ, ಅದಕ್ಕೇ ದೊಡ್ಡ ಸುದ್ದಿ ಆಗಿರಲಿಕ್ಕಿಲ್ಲ.

ನಿಮ್ಮ ವರದಿಗಾರರಿಗೂ ಒಂದು ಮಾತು. ಮುಂದೆ ಸೊಪ್ಪಿನ ಮದ್ದಿನ ಪತ್ರಿಕಾ ಪ್ರಕಟಣೆ ಕೈಗೆ ಬಂದರೆ ಯಾವ ಪ್ರಾಣಿ, ರೋಗ ಬರಿಸಿದ್ದು ಹೇಗೆ, ಮದ್ದು ಕೊಟ್ಟದ್ದು ಅದಕ್ಕೆ ಮೊದಲೋ ಆಮೇಲೋ ಅಂತ ಫೋನ್ ಮಾಡಿ ಕೇಳಲಿ. ಮನುಷ್ಯರ ಮೇಲೂ ಪರೀಕ್ಷೆ ಆಗಿದೆ ಅಂತ ಅವರು ಹೇಳಿದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಸಂಖ್ಯೆ ಎಷ್ಟು ಅಂತಲೂ ಕೇಳಲಿ. ಆ ರಿಜಿಸ್ಟ್ರಿಯನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

ಇಂತಿ,
ನಿಮ್ಮ ಓದುಗ, ದಾವಣಗೆರೆ