ಅವಳ ಹೆಸರು ಕೇಳು

ಪ್ರೀತಿಯ ಮಗಳೇ,

ನಿಮ್ಮ ಮನೆತನದ ಕಥೆ ಅಂತ ನೀನು ಬರೆದ ಹಸ್ತಪ್ರತಿ ಬಂದು ಹದಿನೈದು ದಿನ ಆಯ್ತು. ಎರಡು ಸಲ ಓದಿದೆ. ಯಾವ ಪ್ರಕಾಶಕರು, ಎಷ್ಟು ಪುಟ ಅಂತೆಲ್ಲ ಕೇಳಿದ್ದೀಯ. ಅದು ಆಮೇಲಿನ ಮಾತು, ಬಿಡು.

ಮೊದಲ ಅಧ್ಯಾಯ ಓದಿ ಸಿಟ್ಟು ಬಂತು. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟಿಸಿದಾಗಲೇ ಕಬ್ಬನ್‌ಪೇಟೆಯಲ್ಲಿ ನಿಮ್ಮ ಮನೆಯ ಮಗ್ಗ ಸದ್ದು ಮಾಡುತ್ತಿತ್ತು ಅಂತ ಬರೆದಿದ್ದೀಯ. ಆ ಪೇಟೆಗೆ ಹೆಸರು ಬಂದದ್ದೇ ಮಾರ್ಕ್ ಕಬ್ಬನ್ ಅವರಿಂದ. ಅವರು ಇಲ್ಲಿ ಬ್ರಿಟಿಷರ ಕಮಿಷನರ್ ಆದದ್ದು 1834ರಲ್ಲಿ. ನಡುವೆ ಸುಮಾರು ಮುನ್ನೂರು ವರ್ಷ! ಮನೆತನ ಹಳೆಯದಾದಷ್ಟೂ ಪುಸ್ತಕಕ್ಕೆ ತೂಕ ಅಂದುಕೊಂಡೆ, ಅಲ್ವಾ?

ಅದೇ ಆಸೆ ನಲವತ್ತೊಂದನೇ ಪುಟದಲ್ಲೂ ಇದೆ. ಮುತ್ತಜ್ಜನ ಸೋದರತ್ತೆಯೊಬ್ಬಳು ವಿಳಂಬಿ ಸಂವತ್ಸರದಲ್ಲಿ, ಇಲಿ ಬಿದ್ದ ವರ್ಷ ಹೋದಳು ಅಂತ ನಿಮ್ಮಜ್ಜಿ ಹೇಳಿದ್ದಾರೆ. ನೀನು ಅದನ್ನು 1838 ಮಾಡಿದ್ದೀಯ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 1898 ಕೂಡ ವಿಳಂಬಿಯೇ. ಬೆಂಗಳೂರಿಗೆ ಪ್ಲೇಗ್ ಬಂದದ್ದು ಆ ವರ್ಷ. ಇಲಿ ಸತ್ತು ಬೀಳುವುದು ಅಂದರೆ ಪ್ಲೇಗ್ ಅಲ್ಲದೆ ಇನ್ನೇನು? ಅಜ್ಜಿ ಸರಿಯಾಗೇ ಹೇಳಿದ್ದಾರೆ. ಅರವತ್ತು ವರ್ಷದ ಹಿರಿತನ ಸಿಗಲಿ ಅಂತ ನೀನು ಆ ಹೆಂಗಸು ಹೇಗೆ ಸತ್ತಳು ಅನ್ನುವುದನ್ನೇ ಅಳಿಸಿಬಿಟ್ಟೆ.

ಅವಳಿಗೆ ನೀನು ಕೊಟ್ಟದ್ದು ಒಂದೇ ಸಾಲು. ಇಡೀ ಹಸ್ತಪ್ರತಿಯಲ್ಲಿ ನನಗೆ ನಿದ್ದೆ ಬಾರದ ಹಾಗೆ ಮಾಡಿದ್ದೂ ಆ ಸಾಲೇ. ಆ ವರ್ಷ ಜನ ಪೇಟೆಯ ಮನೆಗಳನ್ನು ಬಿಟ್ಟು ಓಡಿದರು. ಆಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅದನ್ನು ಎಲ್ಲರೂ ಬರೆಯುತ್ತಾರೆ. ಹಿಂದೆ ಯಾರು ಉಳಿದರು ಅಂತ ಬರೆಯುವವರು ಕಡಿಮೆ.

ನಾನೂ ಬರೆಯಲಿಲ್ಲ. ನಮ್ಮದು ಬಳೇಪೇಟೆ. ನಮ್ಮವರು ಊರಾಚೆ ಗುಡಿಸಲು ಹಾಕಿಕೊಂಡು ಹೋದಾಗ, ಗಂಡ ಸತ್ತ ಒಬ್ಬ ಹೆಣ್ಣುಮಗಳನ್ನು ಮನೆ ಕಾಯಲು ಬಿಟ್ಟು ಹೋದರಂತೆ. ತಿರುಗಿ ಬಂದಾಗ ಅವಳಿರಲಿಲ್ಲ. ಅಪ್ಪನ ಸೋದರತ್ತೆ ಇದನ್ನು ನನಗೆ ಅಡುಗೆಮನೆಯಲ್ಲಿ, ದನಿ ತಗ್ಗಿಸಿ ಹೇಳಿದರು. ನನ್ನ ಪುಸ್ತಕಕ್ಕೆ ಅಂತ ಬರೆದೆ. ಮನೆಯ ಮಾತು ಬೀದಿಗೆ ಯಾಕೆ ಅಂದರು ದೊಡ್ಡಪ್ಪ. ಇದು ಬೇಡ, ದೇವಸ್ಥಾನದ ಭಾಗ ಜಾಸ್ತಿ ಮಾಡಿ ಅಂದರು ಒಬ್ಬ ಸಂಪಾದಕರು. ಅವರ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಆ ಎರಡು ಹಾಳೆ ಹರಿದದ್ದು ನನ್ನ ಕೈ. ಪುಸ್ತಕ ಬಂತು, ಶಾಲು ಹೊದಿಸಿದರು. ಅದನ್ನು ಹೇಳಿದ ಆ ಅಜ್ಜಿ ಮಾತ್ರ ಪುಸ್ತಕ ಮುಚ್ಚಿಟ್ಟು ಸುಮ್ನೆ ನನ್ನ ಮುಖ ನೋಡಿದರು. ಆರು ತಿಂಗಳಿಗೆ ತೀರಿಕೊಂಡರು. ಮನೆ ಕಾದವಳ ಹೆಸರೇನು ಅಂತ ನಾನು ಕೇಳಿಯೇ ಇರಲಿಲ್ಲ. ಈಗ ಕೇಳಲು ಯಾರೂ ಇಲ್ಲ.

ಹಳೆಯ ಕಾಗದ ಒಂದೂ ಸಿಗಲಿಲ್ಲ, ಬಿಟ್ಟುಬಿಡುತ್ತೇನೆ ಅಂತ ಕೊನೆಗೆ ಬರೆದಿದ್ದೀಯ. ಅದನ್ನು ಓದಿ ಸಂಕಟವಾಯಿತು ಕಣಮ್ಮ. ನಿಮ್ಮ ಮನೆಯ ಪತ್ರ ಕಳೆದಿದ್ದರೆ ಪಕ್ಕದ ಮನೆಯವರ ಹಳೆಯ ಕ್ರಯಪತ್ರ ಕೇಳಿ ನೋಡು. ಅದರ ಚಕ್ಕುಬಂದಿ ಓದು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಮನೆ ಅಂತ ಇರುತ್ತದಲ್ಲ, ಅಲ್ಲಿ ನಿಮ್ಮವರು ಇರಬಹುದು. ಸಿಕ್ಕ ವರ್ಷದಿಂದಲೇ ಕಥೆ ಶುರುಮಾಡು. ಅದಕ್ಕಿಂತ ಹಿಂದೆ ಒಂದು ದಿನವೂ ಹೋಗಬೇಡ.

ಆದರೆ ಕಾಗದ ಇನ್ನೊಂದು ತಿಂಗಳು ಕಾಯುತ್ತದೆ. ಅಜ್ಜಿಗೆ ಎಂಬತ್ತೆಂಟು ಅಂದೆ. ಈ ಭಾನುವಾರವೇ ಹೋಗು. ಬೇರೆಯವರು ಮಲಗಿದ ಮೇಲೆ ಪಕ್ಕದಲ್ಲಿ ಕೂತು, ಇಲಿ ಬಿದ್ದ ವರ್ಷ ಹೋದಳಲ್ಲ, ಅವಳ ಹೆಸರು ಕೇಳು. ಹೇಳಿದರೆ ಆ ರಾತ್ರಿಯೇ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.