ಕಿವಿ ಸೋರುವುದು ಮಳೆಗಾಲದಲ್ಲಿ, ತಪಾಸಣೆ ಬೇಸಿಗೆಯಲ್ಲಿ ಯಾಕೆ?

ಮಾನ್ಯ ಶಾಸಕರೇ,

ನಮಸ್ಕಾರ. ನಿಯಮ ನಿಮಗೆ ಗೊತ್ತಿರುವಂಥದ್ದೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಆರೋಗ್ಯ ತಪಾಸಣೆಯ ತಂಡ ಬರಬೇಕು, ಕಿವಿಯನ್ನೂ ನೋಡಬೇಕು. ನಮ್ಮೂರಿಗೂ ಬರುತ್ತದೆ. ಆದರೆ ನೆಲ ಎಲ್ಲ ಒಣಗಿದ ಮೇಲೆ, ಫೆಬ್ರವರಿಯಲ್ಲಿ. ಅದನ್ನು ಜುಲೈ-ಆಗಸ್ಟಿಗೆ ಹಾಕಿಸಿ ಅಂತ ಕೇಳುವುದಕ್ಕೇ ಈ ಪತ್ರ.

ಮಲೆನಾಡಿನ ಮಳೆಗಾಲದ ಬಗ್ಗೆ ನಿಮಗೆ ಹೇಳಬೇಕಾ? ಮಕ್ಕಳಿಗೆ ಶೀತ ಬಿಡುವುದೇ ಇಲ್ಲ. ಮೂಗಿನ ಹಿಂಬದಿಯಿಂದ ಕಿವಿಗೆ ಹೋಗುವ ಸಣ್ಣ ನಾಳ ಊದಿ ಕಟ್ಟಿಕೊಳ್ಳುತ್ತದೆ. ಮಕ್ಕಳಲ್ಲಿ ಅದು ಗಿಡ್ಡ, ದೊಡ್ಡವರಷ್ಟು ಇಳಿಜಾರೂ ಇರಲ್ಲ. ಕಿವಿ ತಮಟೆಯ ಹಿಂದೆ ನೀರು ನಿಂತು ಕೇಳಿಸುವುದು ಮಂದವಾಗುತ್ತದೆ. ಕೀವಾದರೆ ತಮಟೆ ತೂತಾಗಿ ಸೋರುತ್ತದೆ. ಬಿಸಿಲು ಬಂದು ಶೀತ ಬಿಟ್ಟ ಮೇಲೆ ಎಷ್ಟೋ ಮಕ್ಕಳಲ್ಲಿ ನೀರು ತಾನಾಗಿಯೇ ಇಂಗಿಹೋಗುತ್ತದೆ. ಆಗ ನೋಡಿದರೆ ಏನು ಕಾಣುತ್ತೆ?

ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಳು. ಆಷಾಢದಲ್ಲಿ ಬೆಳಿಗ್ಗೆ ಏಳುವಾಗ ದಿಂಬಿನ ಬಟ್ಟೆ ಕಿವಿಗೆ ಅಂಟಿಕೊಂಡಿರುತ್ತಿತ್ತು. ಹಳದಿ ಕಲೆ, ಕೆಟ್ಟ ವಾಸನೆ. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಸೋರುವ ಕಿವಿಗೆ ಎಣ್ಣೆ ಬಿಡಬಾರದು ಅಂತ ಹೇಳುವವರು ಯಾರೂ ಇರಲಿಲ್ಲ. ಶಾಲೆಯಲ್ಲಿ ಉಕ್ತಲೇಖನ ಬರೆಸಿದರೆ ಅರ್ಧಕ್ಕರ್ಧ ಪದ ಬಿಟ್ಟಿರುತ್ತಿದ್ದಳು. ತಗಡಿನ ಮಾಡಿಗೆ ಮಳೆ ಬಡಿಯುವಾಗ ಕಿವಿ ಸರಿ ಇದ್ದವರಿಗೇ ಟೀಚರ್ ಮಾತು ಕೇಳಿಸಲ್ಲ. ಅವಳಿಗೆ ಸಿಕ್ಕಿದ್ದು ‘ಗಮನ ಇಲ್ಲ’ ಅನ್ನುವ ಬೈಗುಳ, ಕೊನೇ ಬೆಂಚು. ಫೆಬ್ರವರಿಯಲ್ಲಿ ತಂಡದವರು ಬಂದು ಟಾರ್ಚ್ ಬಿಟ್ಟು ನೋಡಿ ‘ಕಿವಿ ನಾರ್ಮಲ್’ ಅಂತ ಬರೆದು ಹೋದರು. ಮಳೆ ಹಿಡಿದ ಮೇಲೆ ಮತ್ತೆ ಸೋರಿತು. ಆಸ್ಪತ್ರೆಗೆ ಹೋದರೆ, "ಕಾರ್ಡಲ್ಲಿ ನಾರ್ಮಲ್ ಅಂತ ಇದೆಯಲ್ಲಮ್ಮ" ಅಂದರು. ಸ್ವಾಮಿ, ಸೋರುವ ಕಿವಿ ಕಣ್ಣೆದುರಿಗೇ ಇತ್ತು. ಅದನ್ನು ಬಿಟ್ಟು ಕಾರ್ಡು ನೋಡಿದರು! ಆ ದಿನದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರಿಂದ ಇದೆ. ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ. ನಾವು ಹೊಸ ಯೋಜನೆ ಕೇಳುತ್ತಿಲ್ಲ. ತಿಂಗಳು ಬದಲಿಸಿ ಅಂತಿದ್ದೀವಿ, ಅಷ್ಟೇ. ಮಳೆಯಲ್ಲಿ ರಸ್ತೆ ಸರಿ ಇರಲ್ಲ, ಜೀಪು ಬರಲ್ಲ ಅನ್ನುತ್ತಾರೆ. ಮಕ್ಕಳು ಅದೇ ರಸ್ತೆಯಲ್ಲಿ, ಅದೇ ಮಳೆಯಲ್ಲಿ ನಡೆದೇ ಶಾಲೆಗೆ ಬರುತ್ತಾರಲ್ವಾ?

ಮುಂದಿನ ಕೆಡಿಪಿ (ತಾಲೂಕಿನ ಪ್ರಗತಿ ಪರಿಶೀಲನೆ) ಸಭೆಯಲ್ಲಿ ತಾಲೂಕು ಆರೋಗ್ಯಾಧಿಕಾರಿಗಳಿಗೆ ಹೇಳಿ. ನಮ್ಮ ಶಾಲೆಗಳ ಕಿವಿ ತಪಾಸಣೆ ಜುಲೈ-ಆಗಸ್ಟಿನಲ್ಲೇ ಆಗಬೇಕು. ಸೋರುತ್ತಿರುವ ಮಕ್ಕಳನ್ನು ಅದೇ ವಾರ ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಬೇಕು. ತಂಡವನ್ನು ಫೆಬ್ರವರಿಯಲ್ಲಿ ಬೇಡ, ಮಳೆಗಾಲದಲ್ಲಿ ಕಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ತಾಯಿ