ಗ್ಯಾಲರಿ ಇದೆ, ಕ್ಯುರೇಟರ್ ಎಲ್ಲಿ? ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ,

ನಮಸ್ಕಾರ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಸುದ್ದಿಗೆ ಬರುವುದು ಹೆಚ್ಚಾಗಿ ಕಟ್ಟಡದ ಕಾರಣಕ್ಕೆ. 2016ರಲ್ಲಿ ಅದನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವುದನ್ನು ಕಲಾವಿದರು ಜೋರಾಗಿಯೇ ವಿರೋಧಿಸಿದರು. ಸರಿಯಾಗಿಯೇ ಮಾಡಿದರು. ಆದರೆ ಒಳಗೆ ಏನು ತೂಗುಹಾಕಬೇಕು, ಯಾಕೆ, ಅದನ್ನು ಯಾರು ತೀರ್ಮಾನಿಸಬೇಕು ಅನ್ನುವ ಮಾತು ಅಷ್ಟು ಜೋರಾಗಿ ಕೇಳಲಿಲ್ಲ.

ಅದನ್ನು ತೀರ್ಮಾನಿಸುವವರೇ ಕ್ಯುರೇಟರ್. ಆದರೆ ಕ್ಯುರೇಟರ್ ಅಂದರೆ ಗೋಡೆಗೆ ಮೊಳೆ ಹೊಡೆಸುವವರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಈ ಗ್ಯಾಲರಿಗೆ ಯಾರ ಹೆಸರಿದೆಯೋ ಆ ಕಲಾವಿದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನೇ ತಗೊಳ್ಳಿ. ಕಾಗದದ ಮೇಲಿನ ತೆಳು ಬಣ್ಣ. ಇಂಥವಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಮ್ಯೂಸಿಯಂಗಳ ರೂಢಿ. ಬಿದ್ದರೆ ಬಣ್ಣ ಮೆಲ್ಲಗೆ ಮಾಸುತ್ತದೆ, ಮತ್ತೆ ಬರುವುದಿಲ್ಲ. ಎಷ್ಟು ತಿಂಗಳು ತೋರಿಸಬೇಕು, ಎಷ್ಟು ಕಾಲ ಕತ್ತಲಲ್ಲಿ ಇಡಬೇಕು ಅಂತ ಯಾರಾದರೂ ಲೆಕ್ಕ ಹಾಕಬೇಕು. ಪಕ್ಕದಲ್ಲಿ ಏನಿಡಬೇಕು ಅನ್ನುವುದೂ ಲೆಕ್ಕವೇ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿಯುವಾಗ ಬರೆದ ಪುರಾಣದ ಚಿತ್ರಗಳನ್ನು ಇಟ್ಟರೆ, ದೇವರನ್ನು ಬಿಟ್ಟು ಬೆಟ್ಟ ನೋಡಲು ಹೊರಟ ಒಬ್ಬ ಕಲಾವಿದ ಕಾಣುತ್ತಾರೆ. ಅವರು ವೀಣೆ ಶೇಷಣ್ಣನವರ ಶಿಷ್ಯರೂ ಹೌದು ಅನ್ನುವುದನ್ನು ಜೊತೆಗೆ ಹೇಳಿದರೆ ಅದೇ ಬೆಟ್ಟವನ್ನು ಬೇರೆ ಥರ ನೋಡುತ್ತೇವೆ. ಲೇಬಲ್ಲಿನಲ್ಲಿ ಬರೀ ಹೆಸರು, ಅಳತೆ, ಮಾಧ್ಯಮ ಇದ್ದರೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಕೊಚ್ಚಿ ನೋಡಿ. 2012ರಲ್ಲಿ ಶುರುವಾದ ಬಿನಾಲೆಗೆ, ಅಂದರೆ ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನಕ್ಕೆ, ಕೇರಳ ಸರ್ಕಾರ ದುಡ್ಡು ಕೊಟ್ಟಿತು, ಕ್ಯುರೇಟರ್ ಕೆಲಸ ಕಲಾವಿದರ ಕೈಯಲ್ಲಿತ್ತು. ಹಣಕಾಸಿನ ತಕರಾರು ಅಲ್ಲೂ ಆಗಿದೆ, ಬಿಡಿ. 2016ರ ಕ್ಯುರೇಟರ್ ಸುದರ್ಶನ್ ಶೆಟ್ಟಿ ಹುಟ್ಟಿದ್ದು ಮಂಗಳೂರಿನಲ್ಲಿ. ನಮ್ಮವರು ಊರಾಚೆ ಹೆಸರು ಮಾಡಿದ ಮೇಲೇ ನಮಗೆ ಹೆಮ್ಮೆ, ಅಲ್ವಾ?

ಇನ್ನು ವಿಮರ್ಶಕರ ವಿಷಯ. ಉದ್ಘಾಟನೆಗೆ ಕರೆದು, ಶಾಲು ಹೊದಿಸಿ, ನಾಲ್ಕು ಒಳ್ಳೆ ಮಾತಾಡಿಸಿ ಕಳಿಸುತ್ತೇವೆ. ಸರ್ಕಾರದ ದುಡ್ಡಿನ ಪ್ರದರ್ಶನ ಚೆನ್ನಾಗಿಲ್ಲ ಅಂತ ಬರೆದವರನ್ನು ಮುಂದಿನ ಸಲವೂ ಕರೆಯಿರಿ.

ಇಲಾಖೆ ನೆರವು ಕೊಡುವ ಪ್ರತಿ ಪ್ರದರ್ಶನದ ಅಂದಾಜುಪಟ್ಟಿಯಲ್ಲಿ ಕ್ಯುರೇಟರ್ ಸಂಭಾವನೆ ಅಂತ ಒಂದು ಸಾಲು ಇರಲಿ. ಶಾಮಿಯಾನದ ಸಾಲಿನ ಕೆಳಗಾದರೂ ಪರವಾಗಿಲ್ಲ. ಕಲಬುರಗಿಯ ಕಲಾ ವಿದ್ಯಾರ್ಥಿ ಸಲೀಸಾಗಿ ಓದುವಂಥ ಕನ್ನಡ ಕ್ಯಾಟಲಾಗ್ ಬರಲಿ. ವೆಂಕಟಪ್ಪ ಗ್ಯಾಲರಿಗೆ ಕಲಾ ಇತಿಹಾಸ ಓದಿದ ಒಬ್ಬರನ್ನು ಮೂರು ವರ್ಷಕ್ಕೆ ನೇಮಿಸಿ, ಆಯ್ಕೆಯನ್ನು ಅವರಿಗೇ ಬಿಡಿ. ಅದು ಪುರಾತತ್ವ ಇಲಾಖೆಯ ಗ್ಯಾಲರಿ, ನಮ್ಮದಲ್ಲ ಅನ್ನುತ್ತೀರೇನೋ. ಹಾಗಿದ್ದರೆ ಈ ಪತ್ರವನ್ನು ಅಲ್ಲಿಗೂ ದಾಟಿಸಿ.

ಇಂತಿ,
ಒಬ್ಬ ಪ್ರೇಕ್ಷಕ